ಕಾಟ್ನಿಸ್ ಎಂಬ ಕಠಿಣ ಹುಡುಗಿ

ಮಂಗಳೂರಿನ ದೇರೆಬೈಲಿನಲ್ಲಿ ನೆಲೆಸಿರುವ ಭಕ್ತ ಕುಟುಂಬವೊಂದರ ಗೃಹಿಣಿ ನಮ್ಮ ಮುಂದೆ ಇಂಗ್ಲಿಷ್ ಕಾದಂಬರಿಯೊಂದನ್ನಿರಿಸಿ, "ಶಾಸ್ತ್ರಿಗಳೇ, ಹದಿನಾಲ್ಕು ವರ್ಷದ ಮಗಳು ಇದನ್ನು ಕೈಬಿಡುತ್ತಿಲ್ಲ. ನಾನೂ ಆರಂಭವನ್ನು ಓದಿ ನೋಡಿದೆ. ಈ ಕಥಾನಾಯಕಿಗೆ ಕರುಳೇ ಇಲ್ಲ. ಮಗಳು ಓದಬಹುದೇ, ತಾವು ನೋಡಿ ಹೇಳಬೇಕು" ಎಂದು ಕೇಳಿಕೊಂಡರು. ಇದೇ ಸಂದೇಹ ಇನ್ನೂ ಹಲವು ಮನೆಗಳಲ್ಲಿ ಇದ್ದೀತೆಂದು ಭಾವಿಸಿ, ಓದಿ ಮುಗಿಸಿದ ಬಳಿಕ ನಮಗೆ ತೋರಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಅದು ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್', 2008ರಲ್ಲಿ ಪ್ರಕಟವಾದುದು. ಮುಂದೆಂದೋ ಒದಗಬಹುದಾದ ಕೇಡುಗಾಲವನ್ನು ಕಲ್ಪಿಸಿ ಹದಿಹರೆಯದವರಿಗಾಗಿ ಬರೆದ ಕಥೆ. ಪನೆಮ್ ಎಂಬ ನಾಡಿನಲ್ಲಿ ವೈಭವದ ರಾಜಧಾನಿಯೊಂದು, ಅದಕ್ಕಾಗಿ ದುಡಿಯುವ 12 ಪ್ರಾಂತಗಳು. ಹಿಂದೊಮ್ಮೆ ದಂಗೆಯೆದ್ದುದಕ್ಕೆ ಶಿಕ್ಷೆಯಾಗಿ ಪ್ರತಿಯೊಂದು ಪ್ರಾಂತವೂ ವರ್ಷಕ್ಕೊಮ್ಮೆ 12ರಿಂದ 18 ವಯಸ್ಸಿನ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಚೀಟಿಯೆತ್ತಿ ಒಪ್ಪಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವವರೆಗೆ ಹೊಡೆದಾಡಿ ಸಾಯಬೇಕು. ನಾಡೆಲ್ಲ ಅದನ್ನು ದೂರದರ್ಶನದಲ್ಲಿ ನೋಡಬೇಕು.

ಕಥೆ ಹೇಳುವವಳು 16 ವರ್ಷದ ಕಾಟ್ನಿಸ್. ಮೊದಲ ನೋಟಕ್ಕೆ ಹಿಡಿಸುವವಳಲ್ಲ. ತಂಗಿ ಮನೆಗೆ ತಂದ ಬೆಕ್ಕನ್ನು ಬಕೆಟ್ಟಿನಲ್ಲಿ ಮುಳುಗಿಸಹೊರಟವಳು. ಹೆತ್ತ ತಾಯಿಯನ್ನು ಕ್ಷಮಿಸದವಳು. ಬೇಲಿ ನುಸುಳಿ ಕಾಡಿನಲ್ಲಿ ಬೇಟೆಯಾಡುವವಳು. (ಅಳಿಲು, ಮೊಲಗಳ ಬೇಟೆಯ ಮಾತು ನಮ್ಮ ಸಸ್ಯಾಹಾರಿ ಮನೆಗಳಿಗೆ ರುಚಿಸದು, ನಿಜ.)

ಆದರೆ ಈ ಕಾಠಿಣ್ಯದ ಬೇರು ಹಸಿವಿನಲ್ಲಿದೆ. ಗಣಿಯ ಸ್ಫೋಟದಲ್ಲಿ ತಂದೆ ತೀರಿಕೊಂಡಾಗ ಅವಳಿಗೆ 11 ವರ್ಷ. ತಾಯಿ ಶೋಕದಲ್ಲಿ ಮುಳುಗಿ ಮಾತು, ಕೆಲಸ ಎರಡನ್ನೂ ಬಿಟ್ಟಳು. ಒಲೆ ಹೊತ್ತಿಸುವ ಭಾರ ಹುಡುಗಿಯ ಮೇಲೆ ಬಿತ್ತು. ಆ ನಾಡಿನಲ್ಲಿ ಒಂದು ಕ್ರೂರ ಏರ್ಪಾಡಿದೆ: ತನ್ನ ಹೆಸರಿನ ಚೀಟಿಯನ್ನು ಹೆಚ್ಚಾಗಿ ಹಾಕಿಸಿದರೆ ಪ್ರತಿ ಚೀಟಿಗೆ ಒಬ್ಬರಿಗೆ ವರ್ಷಕ್ಕಾಗುವ ಅಲ್ಪ ಧಾನ್ಯ, ಎಣ್ಣೆ ದೊರೆಯುತ್ತದೆ. ಮನೆಯ ಮೂವರಿಗಾಗಿ ಮೂರು, ಕಡ್ಡಾಯದ್ದೊಂದು. ವರ್ಷವರ್ಷವೂ ಕೂಡುತ್ತ 16ರಲ್ಲಿ ಅವಳ ಹೆಸರಿನ 20 ಚೀಟಿಗಳು! ಉಳ್ಳವರ ಮಕ್ಕಳಿಗೆ ಈ ಗಂಡಾಂತರವಿಲ್ಲ. ಈ ಲೆಕ್ಕವನ್ನು ತಿಳಿದು ಬೆಕ್ಕಿನ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ಅನ್ನವಿಲ್ಲದ ಮನೆಗೆ ಬಂದ ಇನ್ನೊಂದು ಬಾಯಿ ಅದು. ತಂಗಿ ಅತ್ತಾಗ ಅದನ್ನೂ ಉಳಿಸಿಕೊಂಡವಳು ಇವಳೇ. ಮುಂದೆ ಅದೇ ತಂಗಿಯ ಒಂದೇ ಒಂದು ಚೀಟಿ ಮೇಲೆ ಬಂದಾಗ, ಅವಳ ಬದಲು ತಾನು ಹೋಗುವೆನೆಂದು ಮುನ್ನುಗ್ಗುತ್ತಾಳೆ.

ನಮ್ಮ ಮಕ್ಕಳು ವೀರವನಿತೆಯರನ್ನು ಅರಿಯದವರಲ್ಲ. ದೇರೆಬೈಲಿನಿಂದ ತೆಂಕಣಕ್ಕೆ ನೇತ್ರಾವತಿಯನ್ನು ದಾಟಿದರೆ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನ ಉಳ್ಳಾಲ. ಔರಂಗಜೇಬನ ಸೇನೆಗೆ ಅಂಜದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮಾಜಿಯ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರು ವಿರಳ. ಅವರಿಗೆ ಕೋಟೆಯಿತ್ತು, ಸೈನ್ಯವಿತ್ತು. ಕಾಟ್ನಿಸಳಿಗಿರುವುದು ತಂದೆ ಮಾಡಿಟ್ಟ ಬಿಲ್ಲು ಮತ್ತು ಸಲಹಬೇಕಾದ ಮನೆ. ಹುಡುಗಿಯರಿಗೆ ಇವಳು ಹತ್ತಿರದವಳೆನಿಸುವುದು ಈ ಕಾರಣಕ್ಕಿರಬೇಕು.

ಗ್ರಂಥದಲ್ಲಿ ಕೊಲೆಗಳಿವೆ, ಲೇಖಕಿ ಅವನ್ನು ಚಪ್ಪರಿಸಿ ಬರೆದಿಲ್ಲ. ರೂ ಎಂಬ 12 ವರ್ಷದ ಬಾಲೆ ಈಟಿ ತಾಗಿ ಬಿದ್ದಾಗ, ಕಾಟ್ನಿಸ್ ಈಟಿಯೆಸೆದವನನ್ನು ಬಾಣದಿಂದ ಕೊಲ್ಲುತ್ತಾಳೆ. ಬಳಿಕ ಸಾಯುವ ಮಗುವಿಗೆ ಹಾಡು ಹೇಳಿ, ದೇಹವನ್ನು ಕಾಡುಹೂಗಳಿಂದ ಸಿಂಗರಿಸುತ್ತಾಳೆ. ರೂಳ ಪ್ರಾಂತದ ಬಡವರು ತಮ್ಮ ಕಾಸು ಕೂಡಿಸಿ ಅವಳಿಗೊಂದು ರೊಟ್ಟಿ ಕಳುಹಿಸುತ್ತಾರೆ. ದಾಸೋಹವನ್ನು ಬಲ್ಲ ಮನೆಯವರಿಗೆ ಈ ಪುಟಗಳನ್ನು ವಿವರಿಸಿ ಹೇಳಬೇಕಾದುದಿಲ್ಲ.

ಹತ್ತು ವರ್ಷದ ಮಕ್ಕಳಿಗೆ ಇದು ಬೇಡ. ಹದಿನಾಲ್ಕರವರು ಧಾರಾಳವಾಗಿ ಓದಲಿ, ತಾಯಿಯೂ ಜೊತೆಗೆ ಓದಲಿ. 2009 ಮತ್ತು 2010ರಲ್ಲಿ ಬಂದ ಮುಂದಿನ ಎರಡು ಸಂಪುಟಗಳಲ್ಲಿ ಕಥೆ ಯುದ್ಧಕ್ಕೆ ತಿರುಗುತ್ತದೆ. ಕೊನೆಯದು ತುಂಬ ಭಾರವಾದುದು. ಅದನ್ನು ಒಂದೆರಡು ವರ್ಷ ಬಿಟ್ಟು ಕೊಡುವುದು ಲೇಸು.