ಕೃಷ್ಣೆಯ ಲೈಟ್ ಬಿಲ್ಲು

ಮಿರಜದಿಂದ ಕಾಗವಾಡದ ಕಡೆ ಹೊರಟರೆ, ಕರ್ನಾಟಕದ ಗಡಿ ಮುಟ್ಟುವ ಮೊದಲೇ ಮ್ಹೈಸಾಳ. ಕೃಷ್ಣೆ ಇಲ್ಲಿ ಬ್ಯಾರೇಜಿಗೆ ಆತು ನಿಂತಿದ್ದಾಳೆ. ಪಂಪ್‌ಹೌಸಿನ ಮೋಟರುಗಳು ಚಾಲೂ ಇದ್ದ ದಿನ ಕಾಲಡಿಯ ನೆಲ ಸಣ್ಣಗೆ ನಡುಗುತ್ತದೆ. ದಪ್ಪ ಕೊಳವೆಗಳು ಕಬ್ಬಿನ ಹೊಲಗಳ ನಡುವೆ ಹಾದು ಏರು ಹಿಡಿಯುತ್ತವೆ. ನರವಾಡ, ಬೇಡಗ, ಸಲಗರೆಯ ಸೀಮೆಯಲ್ಲಿ ಮತ್ತೆ ಪಂಪು, ಮತ್ತೆ ಏರು, ಮತ್ತೆ ಕಾಲುವೆ. ಹೀಗೆ ಹಂತಹಂತವಾಗಿ ಹತ್ತಿದ ನೀರು ಕವಠೆ ಮಹಾಂಕಾಳ ದಾಟಿ ಜತ್ತ ತಾಲ್ಲೂಕು ಸೇರಬೇಕು.

ಪೂರ್ವಕ್ಕೆ ನಡೆದಂತೆ ಹಸಿರು ತೆಳುವಾಗುತ್ತದೆ. ದಂಡೆಯ ಎರೆನೆಲ, ಕಬ್ಬು ಹಿಂದೆ ಉಳಿದು ದ್ರಾಕ್ಷಿಯ ಚಪ್ಪರಗಳು, ಆಮೇಲೆ ದಾಳಿಂಬೆ, ಕಡೆಗೆ ಜೋಳದ ಕೂಳೆ ನಿಂತ ಮಡ್ಡಿ. ಜತ್ತದ ಸಂಖ, ಉಮದಿ, ದಾನಮ್ಮದೇವಿಯ ಗುಡ್ಡಾಪುರದ ಸುತ್ತ ಕನ್ನಡವೇ ಮನೆಮಾತು. ಬೇಸಿಗೆ ಏರಿತೆಂದರೆ ಇಲ್ಲಿನ ಕಟ್ಟೆಗಳ ಮೇಲೆ ಒಂದೇ ಮಾತು.

“ಕಾಕಾ, ಮ್ಹೈಸಾಳದ ನೀರ ಬಿಟ್ರೇನ್ರೀ?”

“ಮೋಟರ್ ಚಾಲೂ ಆದ್ರ ಬರ್ತೈತಿ ತಮ್ಮಾ. ಲೈಟ್ ಬಿಲ್ ತುಂಬ್ಯಾರೋ ಇಲ್ಲೋ ಯಾರಿಗ್ಗೊತ್ತ!”

ನದಿಯಲ್ಲಿ ನೀರಿದ್ದೂ ಬಿಲ್ ಬಾಕಿ ಬಿದ್ದು ಪಂಪುಗಳು ನಿಂತ ಬೇಸಿಗೆಗಳನ್ನು ಈ ಸೀಮೆ ಕಂಡಿದೆ. ಕಾಲುವೆ ಒಣಗಿದರೆ ರೈತ ಸಾಲ ತಂದು ಬೋರ್ ಹೊಡೆಸುತ್ತಾನೆ. ಅಂತರ್ಜಲ ಇನ್ನಷ್ಟು ಇಳಿಯುತ್ತದೆ, ಹಳೆಯ ಬಾವಿ ಬತ್ತುತ್ತದೆ, ಎತ್ತುವ ಕರೆಂಟೂ ಹೆಚ್ಚುತ್ತದೆ. ಜತ್ತದ ಹಲವು ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು ನೀರಿನ ಸಂಕಟದಿಂದಲೇ. ಈಗ ಬಿಲ್ಲಿನ ಶೇ 81ರಷ್ಟನ್ನು ಮಹಾರಾಷ್ಟ್ರ ಸರ್ಕಾರ ಹೊರುತ್ತದೆ. ಉಳಿದ ಶೇ 19 ರೈತರ ಪಾಣಿಪಟ್ಟಿ, ಅಂದರೆ ನೀರಿನ ಕರ. ಕಬ್ಬು ಬೆಳೆದವನ ಪಾಲನ್ನು ಸಕ್ಕರೆ ಕಾರಖಾನೆ ಕಬ್ಬಿನ ಬಿಲ್ಲಿನಲ್ಲೇ ಮುರಿದುಕೊಳ್ಳಬಹುದು. ಜೋಳ ಬೆಳೆದವನಿಗೆ ಅಂಥ ಕಾರಖಾನೆಯಿಲ್ಲ. ವಸೂಲಿ ಸುಲಭವಾದ ಕಡೆಗೇ ಲೆಕ್ಕ ವಾಲುತ್ತದೆ, ಲೆಕ್ಕದ ಹಿಂದೆ ನೀರು ವಾಲುತ್ತದೆ ಎಂಬ ಆತಂಕ ನನ್ನದು.

ನೀರಿನ ಜಾಡು ಹಿಡಿದು ಮೇಲಕ್ಕೆ ಹೋದರೆ ಸಾತಾರಾ ಜಿಲ್ಲೆಯ ಕೊಯ್ನಾ. ಆ ಜಲಾಶಯದಿಂದ ವರ್ಷಕ್ಕೆ 67.5 ಟಿಎಂಸಿ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಸಹ್ಯಾದ್ರಿಯಿಂದ ಕೆಳಗೆ ಬೀಳಿಸಿ ವಿದ್ಯುತ್ ತೆಗೆಯಲು ಅವಕಾಶವಿದೆ. ಆ ನೀರು ವಾಶಿಷ್ಠಿ ನದಿಯ ಮೂಲಕ ಕಡಲು ಸೇರುತ್ತದೆ. ಪೂರ್ವಕ್ಕೆ ಬಿಟ್ಟದ್ದು ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ಸಾಂಗ್ಲಿಗೆ, ಮ್ಹೈಸಾಳಕ್ಕೆ ಬರುತ್ತದೆ. ಒಂದೇ ನೀರು: ಅತ್ತ ಬಿದ್ದರೆ ಅಪಾರ ಕರೆಂಟು ಕೊಡುತ್ತದೆ, ಇತ್ತ ಹರಿದರೆ ದಿಬ್ಬ ಹತ್ತಲು ಕರೆಂಟು ಬೇಡುತ್ತದೆ. ಬರದ ವರ್ಷ ಕೊಯ್ನೆಯ ನೀರಿಗೆ ಜಗ್ಗಾಟ ನಡೆಯುವುದು ಇದಕ್ಕೇ. ಮೋಟರು ತಿರುಗಿಸುವ ವಿದ್ಯುತ್ತಿನ ದೊಡ್ಡ ಪಾಲು ಕಲ್ಲಿದ್ದಲಿನದು. ಜತ್ತದ ದಾಳಿಂಬೆಗೆ ದೂರದ ಚಂದ್ರಪುರದ ಉಷ್ಣ ಸ್ಥಾವರದ ಹೊಗೆಯ ನಂಟಿದೆ.

ಹೊಗೆಯಿಲ್ಲದ ಕರೆಂಟೂ ಈ ಸೀಮೆಯಲ್ಲಿದೆ. ಢಾಲಗಾಂವ್ ಕಡೆಯ ಗುಡ್ಡಗಳ ನೆತ್ತಿಯಲ್ಲಿ ಗಾಳಿಗಿರಣಿಗಳ ಬಿಳಿ ರೆಕ್ಕೆಗಳು ತಿರುಗುತ್ತಿರುತ್ತವೆ. ಗಾಳಿ ಮೊದಲಿನಿಂದಲೂ ಇತ್ತು. ಹಣ ಹೂಡುವವರನ್ನು ಕರೆತಂದದ್ದು ಒಂದು ತೆರಿಗೆ ನಿಯಮ: ಯಂತ್ರದ ಬೆಲೆಯ ಶೇ 80ರಷ್ಟನ್ನು ಮೊದಲ ವರ್ಷವೇ ಸವಕಳಿಯೆಂದು ತೋರಿಸುವ ಅವಕಾಶ. 2012ರಲ್ಲಿ ಅದು ನಿಂತಿತು, 2014ರಲ್ಲಿ ಮರಳಿತು, 2017ರಿಂದ ಶೇ 40ಕ್ಕೆ ಇಳಿಯಿತು.

ಈಗಿನ ಆಸೆ ಸೂರ್ಯನ ಮೇಲೆ. ಮ್ಹೈಸಾಳದ ಪಂಪುಗಳಿಗಾಗಿ ಜತ್ತ ತಾಲ್ಲೂಕಿನಲ್ಲಿ ಸುಮಾರು 200 ಮೆಗಾವಾಟ್‌ನ ಸೌರ ಘಟಕದ ಯೋಜನೆಯಿದೆ. ಸಾಲ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನದು. ನನಗೆ ಇದು ಒಳ್ಳೆಯ ಸಾಲವೆನಿಸುತ್ತದೆ. ಜತ್ತದ ಹೊಲ ಸುಟ್ಟ ಬಿಸಿಲೇ ಆ ಹೊಲಕ್ಕೆ ನೀರೆತ್ತುವುದಾದರೆ ಯಾರಿಗೆ ಬೇಡ? ಆದರೆ ಮಿರಜ, ಪಲೂಸ, ವಾಳವಾಗಳ ನದಿದಂಡೆಯನ್ನೂ ನೋಡಬೇಕು. ಮಿತಿಯಿಲ್ಲದೆ ಹಾಯಿಸಿದ ನೀರಿಗೆ ಅಲ್ಲಿನ ಎಷ್ಟೋ ಎರೆಹೊಲಗಳು ಸವಳಾಗಿ, ಕಬ್ಬೂ ಏಳದೆ, ಮೇಲೆ ಬಿಳಿ ಉಪ್ಪು ಒಡೆದಿದೆ. ನೀರೆತ್ತುವ ಖರ್ಚು ಇಳಿದೊಡನೆ ಕಬ್ಬು ಕಾಲುವೆಯ ಬೆನ್ನು ಹತ್ತಿ ಮಡ್ಡಿಗೂ ಬಂದರೆ, ಬಾಲದ ಹಳ್ಳಿಗಳಿಗೆ ಉಳಿಯುವುದು ಬೋರೇ. ಫಲಕಗಳು ಕೂರುವ ಮೊದಲೇ ಸಂಖ, ಉಮದಿಯ ನೀರಿನ ಪಾಳಿ ಬರೆದಿಡಬೇಕು. ಕಾಲುವೆಯ ತಲೆಗಿರುವ ಕಬ್ಬು ಹನಿ ನೀರಾವರಿಗೆ ಹೊಂದಿಕೊಳ್ಳಬೇಕು.