ಸಾಸೇಜಿನ ಜಾಗದಲ್ಲಿ ಗಜ್ಜರಿ

ಅಮೆರಿಕದ ಷಿಕಾಗೊ ನಗರದಲ್ಲಿ ಹಾಟ್ ಡಾಗ್ ತಯಾರಿಸಲು ಕಟ್ಟುನಿಟ್ಟಿನ ಸಂಪ್ರದಾಯವಿದೆ. ಗಸಗಸೆ ಉದುರಿಸಿದ ಉದ್ದನೆಯ ಬನ್ನು, ಅದರೊಳಗೆ ಅರೆದ ಹಳದಿ ಸಾಸಿವೆ, ಹೆಚ್ಚಿದ ಈರುಳ್ಳಿ, ಸಿಹಿ ಹುಳಿ ಬೆರೆತ ಸೌತೆಕಾಯಿ ಚಟ್ನಿ, ಟೊಮ್ಯಾಟೊ ಹೋಳು, ಉಪ್ಪುನೀರಿನಲ್ಲಿ ನೆನೆದ ಸೌತೆಯ ಉದ್ದ ಸೀಳು, ಖಾರದ ಪುಟ್ಟ ಮೆಣಸಿನಕಾಯಿ, ಕೊನೆಗೊಂದು ಚಿಟಿಕೆ ಸೆಲರಿ ಉಪ್ಪು. ಟೊಮ್ಯಾಟೊ ಕೆಚಪ್ ಸುರಿಯುವುದು ಅಲ್ಲಿ ದೊಡ್ಡ ಅಪಚಾರ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಎಲ್ಲವೂ ಕಾಯಿಪಲ್ಲೆಯೇ. ಸಸ್ಯಾಹಾರಿಗೆ ಅಡ್ಡ ಬರುವುದು ನಡುವೆ ಮಲಗಿರುವ ಸಾಸೇಜ್ ಒಂದೇ.

ಆ ಜಾಗದಲ್ಲಿ ಏನಿಡಬೇಕು ಎಂಬುದಕ್ಕೆ ಎರಡು ಬಗೆಯ ಉತ್ತರಗಳಿವೆ. ಮಾಂಸವನ್ನೇ ಹೋಲುವ ಪದಾರ್ಥವನ್ನು ಕಾಳು ಧಾನ್ಯಗಳಿಂದ ತಯಾರಿಸುವುದು ಮೊದಲನೆಯದು. ಇದರ ಕತೆ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಕಲೋನ್ ನಗರ ಹಸಿವಿನಿಂದ ತತ್ತರಿಸಿತ್ತು. ಆಗ ಅಲ್ಲಿನ ನಗರಾಡಳಿತದಲ್ಲಿದ್ದ ಕೊನ್ರಾಡ್ ಅಡೆನೌರ್ ಸೋಯಾ ಆಧರಿಸಿದ ಸಾಸೇಜ್ ಒಂದನ್ನು ರೂಪಿಸಿದರು. 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದವರು ಇವರೇ. ಸಾಸೇಜಿನಲ್ಲಿ ಏನಿರಬೇಕು ಎಂಬ ನಿಯಮಗಳು ಅಡ್ಡಬಂದು ಸ್ವದೇಶದಲ್ಲಿ ಅದಕ್ಕೆ ಪೇಟೆಂಟ್ ದೊರೆಯಲಿಲ್ಲ. ಕೊಟ್ಟದ್ದು ಶತ್ರುದೇಶವಾಗಿದ್ದ ಬ್ರಿಟನ್, 1918ರ ಜೂನ್ 26ರಂದು.

ಹೆಸರಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. ಸಸ್ಯಜನ್ಯ ತಿನಿಸನ್ನು ಸಾಸೇಜ್ ಎಂದು ಕರೆಯಬಾರದೆಂಬ ಸೂಚನೆಯನ್ನು ಯುರೋಪಿನ ಸಂಸತ್ತು 2020ರಲ್ಲಿ ತಳ್ಳಿಹಾಕಿತು. 2025ರಲ್ಲಿ ಅದೇ ಸಂಸತ್ತು ಅಂಥ ನಿರ್ಬಂಧದ ಪರವಾಗಿ ಮತ ಹಾಕಿತು. ವಿಚಿತ್ರವೆಂದರೆ ಸಾಸೇಜ್ ಎಂಬ ಪದದ ಬೇರಿನಲ್ಲಿ ಮಾಂಸವೇ ಇಲ್ಲ. ಅದು ಹುಟ್ಟಿದ್ದು ‘ಉಪ್ಪು ಹಾಕಿದ್ದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ.

ಎರಡನೆಯ ಉತ್ತರಕ್ಕೆ ಈ ಉಪ್ಪೇ ಕೀಲಿಕೈ. ಹಾಟ್ ಡಾಗ್ ತಿನ್ನುವವನ ನಾಲಿಗೆಗೆ ಮೊದಲು ತಾಗುವುದು ಉಪ್ಪು, ಹೊಗೆ, ಬೆಳ್ಳುಳ್ಳಿ ಮತ್ತು ಜಿಡ್ಡು. ಇವನ್ನು ತರಕಾರಿಗೂ ಹಿಡಿಸಬಹುದು. ಆಕಾರದಲ್ಲಿಯೇ ಸಾಸೇಜಿನ ತಮ್ಮನಂತಿರುವ ಗಜ್ಜರಿ, ಅಂದರೆ ಕ್ಯಾರೆಟ್, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಆದರೆ ಹಸಿ ಗಜ್ಜರಿಯನ್ನು ನೇರವಾಗಿ ಕೆಂಡದ ಮೇಲಿಟ್ಟರೆ ಹೊರಗೆ ಕರಿ, ಒಳಗೆ ಕಟ್ಟಿಗೆ. ಮೊದಲು ಬೇಯಿಸಲೇಬೇಕು. ಬನ್ನಿನಷ್ಟೇ ಉದ್ದದ, ಒಂದೇ ದಪ್ಪದ ಗಜ್ಜರಿಗಳನ್ನು ಹೆರೆದು, ತುದಿಗಳನ್ನು ದುಂಡಗೆ ಮಾಡಿ, ತಣ್ಣೀರಿಗೇ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಇದು ಸುಮ್ಮನೆ ಹೇಳುವ ಮಾತಲ್ಲ. ನೀರು 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವಾಗ ಗಜ್ಜರಿಯಲ್ಲಿರುವ ಒಂದು ಕಿಣ್ವ ಜೀವಕೋಶದ ಗೋಡೆಯ ಪೆಕ್ಟಿನ್ನನ್ನು ಬದಲಿಸುತ್ತದೆ. ಹಾಗೆ ಬದಲಾದ ಪೆಕ್ಟಿನ್ ಸುಣ್ಣದಂಶದೊಡನೆ ಬೆಸೆದುಕೊಂಡು ಗಟ್ಟಿಯಾಗುತ್ತದೆ. ಕುದಿಯುವ ನೀರಿಗೆ ಒಮ್ಮೆಲೇ ಹಾಕಿದರೆ ಕಿಣ್ವ ಸತ್ತುಹೋಗಿ ಗಜ್ಜರಿ ಮುದ್ದೆಯಾಗುವ ಸಂಭವ ಹೆಚ್ಚು. ಚೂರಿ ಇಳಿಯಬೇಕು, ಆದರೆ ಸ್ವಲ್ಪ ತಡೆದು ಇಳಿಯಬೇಕು. ಹಲ್ಲಿಗೆ ಸಾಸೇಜಿನಂಥ ಬಿಗಿ ಸಿಗುವುದು ಆಗಲೇ.

ಬೆಂದದ್ದನ್ನು ಸೋಯಾ ಸಾಸ್, ವಿನೆಗರ್, ಜಜ್ಜಿದ ಬೆಳ್ಳುಳ್ಳಿ, ಅರೆದ ಸಾಸಿವೆ, ಚೂರು ಬೆಲ್ಲ ಬೆರೆಸಿದ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಬೇಕು. ಉಪ್ಪು ಒಳಕ್ಕೆ ಇಳಿಯುವುದು ನಿಧಾನ. ಅರ್ಧ ಗಂಟೆ ನೆನೆಸಿ ಅವಸರಪಟ್ಟರೆ ಸಿಪ್ಪೆಯಷ್ಟು ದಪ್ಪಕ್ಕೆ ಮಾತ್ರ ರುಚಿ ಹತ್ತುತ್ತದೆ. ಹೊಗೆಯ ವಾಸನೆಗೆ ಸ್ಪೇನಿನ ಲಾ ವೆರಾ ಪ್ರದೇಶದ ಪಾಪ್ರಿಕಾ ಪುಡಿ ಹೆಸರುವಾಸಿ. ಅಲ್ಲಿ ಮೆಣಸಿನಕಾಯಿಯನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿಯೇ ಒಣಗಿಸುತ್ತಾರೆ. ಗ್ಯಾಸಿನ ಒಲೆಯಲ್ಲಿ ಸುಡುವವರಿಗೆ ಇದು ಬೇಕೇ ಬೇಕು, ಏಕೆಂದರೆ ಗ್ಯಾಸಿಗೆ ಹೊಗೆಯ ಪರಿಮಳವಿಲ್ಲ.

ಸುಡುವ ಮುನ್ನ ಬಟ್ಟೆಯಿಂದ ಒರೆಸಿ ಎಣ್ಣೆ ಸವರಬೇಕು. ಮೇಲ್ಮೈ ಒದ್ದೆಯಾಗಿದ್ದರೆ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗಿ ಬಿಸಿ 100 ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಚೆನ್ನಾಗಿ ಕೆಂಪಾಗಲು 140 ಡಿಗ್ರಿಯಾದರೂ ಬೇಕು. ಅಮೆರಿಕದ ನಿಯಮದಂತೆ ಮಾಂಸದ ಹಾಟ್ ಡಾಗ್‌ನಲ್ಲಿ ಶೇಕಡಾ 30ರವರೆಗೂ ಕೊಬ್ಬಿರಬಹುದು, ಗಜ್ಜರಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎಣ್ಣೆಯಲ್ಲಿ ಜಿಪುಣತನ ಸಲ್ಲದು. ಪ್ರೋಟೀನೂ ಶೇಕಡಾ ಒಂದರಷ್ಟೇ. ಊಟವೆನಿಸಬೇಕಾದರೆ ಪಕ್ಕದಲ್ಲಿ ಬೇಯಿಸಿದ ಕಾಳು ಇರಲಿ.

ದಪ್ಪ ಮೆಣಸಿನಕಾಯಿ, ಜುಕಿನಿ ಕೂಡ ನಡೆಯುತ್ತವೆ, ಆದರೆ ನೀರು ಬಿಟ್ಟು ಬನ್ನನ್ನು ತೋಯಿಸುತ್ತವೆ. ಉದ್ದ ಬದನೆಕಾಯಿಯ ಮಾತೇ ಬೇರೆ. ಅದರ ತಿರುಳು ಸ್ಪಂಜಿನಂತೆ ಹೊಗೆಯನ್ನೂ ಎಣ್ಣೆಯನ್ನೂ ಹೀರುತ್ತದೆ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಉಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಚ್ಚಿದಾಗ ಬಿಗಿ ಇರುವುದಿಲ್ಲ ಎಂಬುದೊಂದೇ ಕೊರತೆ.

ಅಮೆರಿಕದಲ್ಲಿ ಜುಲೈ 4ರ ಸ್ವಾತಂತ್ರ್ಯ ದಿನದಂದು ಉದ್ಯಾನಗಳಲ್ಲಿ ಒಲೆ ಹೂಡಿ ಹಾಟ್ ಡಾಗ್ ಸುಡುವುದು ವಾಡಿಕೆ. ಅಲ್ಲಿ ನೆಲೆಸಿದ ಸಸ್ಯಾಹಾರಿ ಮನೆಗಳ ಮಕ್ಕಳು ಗೆಳೆಯರ ನಡುವೆ ಬರೀ ಬನ್ನು, ಆಲೂಗಡ್ಡೆ ಚಿಪ್ಸ್ ತಿಂದು ಕೂರಬೇಕಿಲ್ಲ. ಒಲೆ ಎಲ್ಲರದೂ ಆಗಿರುವಾಗ ಜಾಲರಿಯನ್ನು ಉಜ್ಜಿ ತೊಳೆದು ತರಕಾರಿಯನ್ನೇ ಮೊದಲು ಸುಡುವುದು ಒಂದು ದಾರಿ. ತಡವಾಗಿ ಬಂದವರು ಜಾಲರಿಯ ಮೇಲೆ ಅಲ್ಯುಮಿನಿಯಂ ಹಾಳೆ ಹಾಸಿಕೊಳ್ಳಬಹುದು; ಹೊಗೆ ಸ್ವಲ್ಪ ಕಡಿಮೆ ಹತ್ತುತ್ತದೆ, ಅಷ್ಟೆ. ಬನ್ನಿನ ಪೊಟ್ಟಣದ ಮೇಲಿನ ಪಟ್ಟಿಯನ್ನೂ ಒಮ್ಮೆ ಓದುವುದು ಒಳ್ಳೆಯದು. ಹೊಳಪಿಗೆಂದು ಕೆಲವು ಬನ್ನುಗಳಿಗೆ ಮೊಟ್ಟೆ ಸವರಿರುತ್ತಾರೆ.