ಪಾದರಸವೂ ಛಾಯಾಚಿತ್ರವೂ

ಹೊಗೆಯ ಚಿತ್ರ ತೆಗೆಯುವುದು ಸುಲಭ. ಆದರೆ ನೀರಿನಲ್ಲಿ ಬೆರೆತು, ಬಣ್ಣವನ್ನಾಗಲಿ ವಾಸನೆಯನ್ನಾಗಲಿ ತೋರದ ವಿಷವನ್ನು ಕ್ಯಾಮೆರಾದಲ್ಲಿ ಹಿಡಿಯುವುದೆಂತು? ಅವಸರದಿಂದ ಕೈಗಾರಿಕೆ ಬೆಳೆಸುವ ದೇಶಗಳಲ್ಲೆಲ್ಲ ಏಳುವ ಪ್ರಶ್ನೆಯಿದು. ಯುದ್ಧಾನಂತರದ ಜಪಾನಿನಲ್ಲಿ ಇದು ಎದ್ದ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಜಪಾನಿನ ಕ್ಯೂಷೂ ದ್ವೀಪದಲ್ಲಿ ಮಿನಮಾಟ ಎಂಬ ಕಡಲತೀರದ ಊರಿದೆ. ಅಲ್ಲಿನ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸಿತು. ಕ್ರಿಯೆ ಚುರುಕಾಗಲೆಂದು ಬಳಸಿದ ಪಾದರಸದ ಒಂದಂಶ ಮೀಥೈಲ್ ಪಾದರಸವಾಗಿ ಮಾರ್ಪಟ್ಟು, ಕೊಳೆನೀರಿನೊಡನೆ ಸಮುದ್ರವನ್ನು ಸೇರಿತು. ನೀರಿನಿಂದ ಸೂಕ್ಷ್ಮಜೀವಿಗಳಿಗೆ, ಅವುಗಳಿಂದ ಮೀನಿಗೆ, ಮೀನಿನಿಂದ ಬೆಸ್ತರ ಊಟಕ್ಕೆ. ಮುಂದೆ ಸಾಗಿದಂತೆಲ್ಲ ವಿಷ ಸಾಂದ್ರವಾಗುತ್ತ ಹೋಯಿತು. ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರಲ್ಲಿ ಮನುಷ್ಯರ ರೋಗ ಅಧಿಕೃತವಾಗಿ ಬೆಳಕಿಗೆ ಬಂತು: ಕೈಕಾಲು ಜೋಮು, ಸೆಳವು, ಕುಗ್ಗಿದ ದೃಷ್ಟಿ, ತೊದಲು ಮಾತು. ಗರ್ಭದಲ್ಲಿದ್ದ ಶಿಶುಗಳನ್ನೂ ವಿಷ ಬಿಡಲಿಲ್ಲ.

ಪಾದರಸವನ್ನು ಯಾವ ಮಸೂರವೂ ಕಾಣಲಾರದಷ್ಟೆ. ಆದ್ದರಿಂದ 1960ರಲ್ಲಿ ಅಲ್ಲಿಗೆ ಹೋದ ತರುಣ ಛಾಯಾಗ್ರಾಹಕ ಕುವಾಬಾರ ಶಿಸೆಯ್ ರೋಗಿಗಳನ್ನೂ ಅವರ ಮನೆಮಂದಿಯನ್ನೂ ಚಿತ್ರಿಸಿದರು. 1971ರಲ್ಲಿ ಅಮೆರಿಕದ ಯೂಜೀನ್ ಸ್ಮಿತ್ ತಮ್ಮ ಪತ್ನಿ ಐಲೀನರೊಡನೆ ಬಂದು ಸುಮಾರು ಮೂರು ವರ್ಷ ನೆಲೆಸಿದರು. 1972ರ ಜನವರಿಯಲ್ಲಿ ಚಿಸ್ಸೊದ ಗೊಯಿ ಕಾರ್ಖಾನೆಯಲ್ಲಿ ಕಂಪನಿಯ ಕಡೆಯವರಿಂದ ಏಟು ತಿಂದು ಅವರ ದೃಷ್ಟಿಗೇ ಕುಂದು ಬಂತು. ಅದೇ ಜೂನಿನಲ್ಲಿ ಅವರ ಚಿತ್ರಗಳು 'ಲೈಫ್' ಪತ್ರಿಕೆಯಲ್ಲಿ ಅಚ್ಚಾದವು. ಮುಂದೆ ಚೀನಾದ ಮಾಲಿನ್ಯವನ್ನು ಚಿತ್ರಿಸಿದ ಲು ಗುವಾಂಗ್ ಅವರಿಗೆ 2009ರಲ್ಲಿ ದೊರೆತುದು ಈ ಸ್ಮಿತ್‌ರ ಹೆಸರಿನ ನಿಧಿಯ ಸಹಾಯವೇ.

ಆದರೆ ಕಾರ್ಖಾನೆಯೇ ಕಾರಣವೆಂದು ಛಾಯಾಚಿತ್ರ ಸಾಧಿಸಿಕೊಟ್ಟಿತೆಂದು ತಿಳಿಯಬಾರದು. ಕಂಪನಿಯ ಆಸ್ಪತ್ರೆಯ ವೈದ್ಯರಾದ ಹೊಸೊಕಾವ ಅವರು 1959ರಲ್ಲಿ ಕಾರ್ಖಾನೆಯ ಕೊಳೆನೀರನ್ನು ಬೆಕ್ಕೊಂದಕ್ಕೆ ಉಣಿಸಿ ನೋಡಿದ್ದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಈ ಸಂಗತಿಯನ್ನು ಮುಚ್ಚಿಟ್ಟಿತು. 1970ರಲ್ಲಿ ಹೊಸೊಕಾವ ರೋಗಶಯ್ಯೆಯಿಂದಲೇ ಸಾಕ್ಷ್ಯ ನುಡಿದರು. 1973ರಲ್ಲಿ ಕುಮಾಮೊಟೊ ನ್ಯಾಯಾಲಯ ರೋಗಿಗಳ ಪರವಾಗಿ ತೀರ್ಪಿತ್ತಿತು. ಕಾರಣವನ್ನು ಹೇಳಿದ್ದು ಬೆಕ್ಕು. ಆ ಕಾರಣದಿಂದ ಯಾರ ಮನೆಯಲ್ಲಿ ಏನಾಯಿತೆಂಬುದನ್ನು ಹೇಳಿದ್ದು ಚಿತ್ರ. ಇವೆರಡೂ ಬೇರೆ ಬೇರೆ ಕೆಲಸಗಳು. ಮಾಲಿನ್ಯದ ಚಿತ್ರಗಳನ್ನು ನೋಡುವಾಗ ನಾವು ಇವನ್ನು ಕಲಸಿಬಿಡುತ್ತೇವೆ.

ಸ್ಮಿತ್‌ರ ಚಿತ್ರಗಳಲ್ಲೆಲ್ಲ ಪ್ರಸಿದ್ಧವಾದುದು, ಗರ್ಭದಲ್ಲೇ ವಿಷವುಂಡು ಹುಟ್ಟಿದ ಮಗಳಿಗೆ ತಾಯಿ ಸ್ನಾನ ಮಾಡಿಸುವ ಚಿತ್ರ. ತೆಗೆದದ್ದು 1971ರ ಡಿಸೆಂಬರಿನಲ್ಲಿ. ಮಗಳು 1977ರಲ್ಲಿ ತೀರಿಕೊಂಡಳು. ಚಿತ್ರ ಮಾತ್ರ ಲೋಕವನ್ನೆಲ್ಲ ಸುತ್ತುತ್ತಲೇ ಇತ್ತು. ಅವಳು ಇನ್ನಾದರೂ ವಿಶ್ರಮಿಸಲಿ ಎಂಬುದು ತಂದೆತಾಯಿಗಳ ಅಪೇಕ್ಷೆಯಾಯಿತು. 1998ರಲ್ಲಿ ಐಲೀನ್ ಆ ಚಿತ್ರದ ಬಗೆಗಿನ ತೀರ್ಮಾನವನ್ನು ಅವರಿಗೇ ಬಿಟ್ಟುಕೊಟ್ಟರು. ಹಲವು ವರ್ಷ ಅದನ್ನು ಹೊಸದಾಗಿ ಅಚ್ಚಿಗೆ ಕೊಡಲಿಲ್ಲ. ಇದರಿಂದ ಲೋಕಕ್ಕೆ ನಷ್ಟವೆಂದು ಯಾರಾದರೂ ವಾದಿಸಬಹುದು. ನನಗಂತೂ ಐಲೀನರು ಮಾಡಿದ್ದೇ ಸರಿಯೆನಿಸುತ್ತದೆ. ಚಿತ್ರ ತೆಗೆಯಲು ತಾಯಿ ಒಪ್ಪಿದ್ದಳು, ನಿಜ. ಮಾತೇ ಬಾರದ ಮಗಳನ್ನು ಕೇಳುವ ಬಗೆ ಯಾರಿಗೂ ಇರಲಿಲ್ಲ.